ಶಾಲೆ ಬಿಟ್ಟ ಹುಡುಗರ ಜೊತೆ ಕೆಲಸ: ಇದನ್ನೇ ನಂಬಿ ಬದುಕಬಹುದಾ?

ಗಾಜನೂರಿನವ

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ ಮುಗಿಸಿ ಶಿವಮೊಗ್ಗದ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ವಯಸ್ಸು 27. ಸಂಜೆ ಹೊತ್ತು ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರಿಗೆ, ಎಂಟು-ಒಂಬತ್ತಕ್ಕೇ ಶಾಲೆ ಬಿಟ್ಟವರಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುತ್ತೇನೆ. ಗ್ಯಾರೇಜಿನವರು, ಗಾರೆ ಕೆಲಸದವರು, ತೋಟಕ್ಕೆ ಹೋಗುವವರು, ಎಲ್ಲ ಇದ್ದಾರೆ.

ಇದನ್ನೇ ಪೂರ್ತಿ ಕೆಲಸ ಮಾಡಿಕೊಂಡರೆ ಹೇಗೆ ಅಂತ ಯೋಚನೆ ಬಂದಿದೆ. ಅಪ್ಪ "ಕಲಿಸುವ ಆಸೆ ಇದ್ದರೆ ಬಿ.ಎಡ್ ಮಾಡು, ಸರ್ಕಾರಿ ಕೆಲಸ ಹಿಡಿ" ಅನ್ನುತ್ತಾರೆ. ನನಗೆ ತರಗತಿಯ ಮೇಷ್ಟ್ರಾಗುವ ಆಸೆ ಅಷ್ಟಿಲ್ಲ. ಈ ಕ್ಷೇತ್ರದಲ್ಲಿ ಯಾವ ಯಾವ ಕೆಲಸ ಇರುತ್ತದೆ? ಓದು ಏನು ಬೇಕು? ಸಂಬಳ ಎಷ್ಟು? ಬೆಂಗಳೂರಿಗೆ ಹೋಗದೆ ಇಲ್ಲೇ ಇದ್ದು ಮಾಡಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿ ತೋಟದವ

ಮಾರಾಯ್ರೇ, ಕೆಲಸ ಬಿಡಬೇಡಿ. ಮೊದಲು ಹೇಳುವುದು ಇದೇ.

ಎರಡನೆಯದು, ನಮ್ಮ ಕಡೆ ಹುಡುಗರು ಶಾಲೆ ಬಿಡುವುದು ಬಡತನಕ್ಕೆ ಮಾತ್ರ ಅಲ್ಲ. ಮರ ಹತ್ತಲು ಬಂದರೆ ಅಡಿಕೆ ಕೊನೆ (ಗೊನೆ) ಕೊಯ್ಲಿನ ಸಮಯದಲ್ಲಿ ಒಬ್ಬ ಹುಡುಗ ದಿನಕ್ಕೆ ಸಾವಿರ ರೂಪಾಯಿಗೂ ಮೇಲೆ ಎಣಿಸುತ್ತಾನೆ. ಡಿಗ್ರಿ ಮಾಡಿದ ಅವನ ಅಣ್ಣ ಶಿವಮೊಗ್ಗದ ಬಟ್ಟೆ ಅಂಗಡಿಯಲ್ಲಿ ತಿಂಗಳಿಗೆ ಹನ್ನೆರಡು ಸಾವಿರಕ್ಕೆ ನಿಂತಿರುತ್ತಾನೆ. ಅವನಿಗೆ ಹೋಗಿ "ಓದು ಮಗಾ" ಅಂದರೆ ಯಾವ ಮುಖದಲ್ಲಿ ಹೇಳುತ್ತೀರಿ?

ಕಾಡುಮಲ್ಲಿಗೆ

ತೋಟದವರು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ನಾನು ಸಾಗರ, ಸೊರಬ ಕಡೆ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ಇದನ್ನೇ ಮಾಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನೀವು ಈಗ ಮಾಡುತ್ತಿರುವುದು ಪಾಠ. ಪೂರ್ಣಾವಧಿ ಕೆಲಸಕ್ಕೆ ಬಂದರೆ ಪಾಠ ನಿಮ್ಮ ದಿನದ ಚಿಕ್ಕ ಭಾಗ. ಮನೆ ಭೇಟಿ, ಹಳೆ ಶಾಲೆಯಿಂದ ಟಿ.ಸಿ ತರುವುದು, ಆಧಾರ್‌ನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ಸರಿ ಮಾಡಿಸುವುದು, ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಓಡುವುದು, ಪರೀಕ್ಷೆ ಫೀಸು ಕಟ್ಟಿಸುವುದು, ಮಾಲೀಕನ ಹತ್ತಿರ "ನಾಲ್ಕು ದಿನ ಬಿಡಿ" ಅಂತ ಕೇಳುವುದು, ಪರೀಕ್ಷೆ ದಿನ ಬೆಳಿಗ್ಗೆ ಫೋನ್ ಮಾಡಿ ಎಬ್ಬಿಸುವುದು. ಇಷ್ಟೆಲ್ಲ ಆದ ಮೇಲೆ ಬೀಜಗಣಿತ. ಸಂಸ್ಥೆಗಳಲ್ಲಿ ಇದಕ್ಕೆ ಕ್ಷೇತ್ರ ಕಾರ್ಯಕರ್ತ, ಆಪ್ತ ಸಮಾಲೋಚಕ, ಕೌಶಲ ತರಬೇತುದಾರ, ಉದ್ಯೋಗ ಸಂಯೋಜಕ ಅಂತ ಬೇರೆ ಬೇರೆ ಹೆಸರು ಕೊಟ್ಟಿರುತ್ತಾರೆ. ಸಣ್ಣ ಸಂಸ್ಥೆಯಲ್ಲಿ ಎಲ್ಲವೂ ಒಬ್ಬರೇ. ಬಿ.ಕಾಂ ಓದಿದವರು ಕಡಿಮೆ ಅಂದುಕೊಳ್ಳಬೇಡಿ, ಲೆಕ್ಕ ಬರೆಯಲು ಬರುವ ಕ್ಷೇತ್ರ ಕಾರ್ಯಕರ್ತರು ಸಿಗುವುದೇ ಇಲ್ಲ.

ಇನ್ನು ದುಡ್ಡು. ಇಲ್ಲಿ ಬಹಳ ಜನ ಸಂಸ್ಥೆಯ ಹೆಸರು ನೋಡುತ್ತಾರೆ. ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೆ ಕಂಪನಿ ಎಲ್ಲಿದೆಯೋ ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಅಂತ ಅದೇ ಸೆಕ್ಷನ್ ಹೇಳುತ್ತದೆ. ಬೆಂಗಳೂರಿನ ಸುತ್ತ ಇರುವಷ್ಟು ಕಂಪನಿ ಹೊಸನಗರದ ಸುತ್ತ ಇದೆಯಾ? ಹಾಗಾಗಿ ಮಲೆನಾಡಿಗೆ ಬರುವ ದುಡ್ಡು ಕಡಿಮೆ. ಬಂದರೂ ಒಂದೊಂದು ವರ್ಷದ ಯೋಜನೆ. ಮಾರ್ಚ್ ಬಂತು ಅಂದರೆ ನಮಗೆಲ್ಲ ಎದೆ ಡವಡವ. ನಾನು ನೋಡಿದ ಕಡೆ ಕ್ಷೇತ್ರ ಕಾರ್ಯಕರ್ತರಿಗೆ ಹದಿನೈದರಿಂದ ಇಪ್ಪತ್ತೈದು ಸಾವಿರ. ಸಂಯೋಜಕರಾದರೆ ಜಾಸ್ತಿ. ಪೆಟ್ರೋಲ್ ಯಾರು ಕೊಡುತ್ತಾರೆ ಅಂತ ಸಂದರ್ಶನದಲ್ಲೇ ಕೇಳಿ. ನಗಬೇಡಿ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಎಷ್ಟು ದೂರ ಅಂತ ನಿಮಗೇ ಗೊತ್ತು.

ಕೊನೆ ಕೊಯ್ಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಾಗರದ ಮೇಷ್ಟ್ರು

ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಸ್ವಲ್ಪ ಖಾರವಾಗಿ ಹೇಳುತ್ತೇನೆ, ಕ್ಷಮಿಸಿ.

"ಪರ್ಯಾಯ ಶಿಕ್ಷಣ" ಅಂದ ಕೂಡಲೇ ನನಗೆ ಅನುಮಾನ. ಉಳ್ಳವರ ಮಕ್ಕಳಿಗೆ ಶಾಲೆ, ಇಲ್ಲದವರ ಮಕ್ಕಳಿಗೆ ಸಂಜೆ ಎರಡು ಗಂಟೆ ಪರ್ಯಾಯ. ಇದು ನ್ಯಾಯವಾ? 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸ್ಪಷ್ಟವಾಗಿದೆ. ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಹನ್ನೆರಡು ವರ್ಷದ ಹುಡುಗನನ್ನು ನೀವು ಸಂಜೆ ತರಗತಿಯಲ್ಲಿ ಕೂರಿಸಿಕೊಂಡರೆ ಅವನ ಹಕ್ಕನ್ನು ಮುಚ್ಚಿಟ್ಟ ಹಾಗೆ. ಮೊದಲು ಸಿ.ಆರ್.ಪಿಗೆ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರಿಗೆ) ಹೇಳಿ, ಶಾಲೆಗೆ ಸೇರಿಸಿ.

ಆದರೆ ಕಾಯ್ದೆಯ ಕೈ ಇರುವುದು 14ರ ತನಕ ಮಾತ್ರ. ಅದು ದಾಟಿದ ಮೇಲೆ ಹುಡುಗನನ್ನು ಹುಡುಕುವ ಜವಾಬ್ದಾರಿ ಯಾರದೂ ಅಲ್ಲದ ಹಾಗೆ ಆಗುತ್ತದೆ. ಏಳು ಇಲ್ಲವೇ ಎಂಟನೇ ತರಗತಿಯ ತನಕ ಹಳ್ಳಿಯಲ್ಲೇ ಶಾಲೆ. ಹೈಸ್ಕೂಲಿಗೆ ಹೋಬಳಿಗೆ ಹೋಗಬೇಕು. ಅಲ್ಲೇ ಜಾರುವುದು. ನಿಮ್ಮಂಥವರ ಕೆಲಸ ನಿಜವಾಗಿ ಬೇಕಾದದ್ದು 14ರಿಂದ 18ರ ಆ ನಾಲ್ಕು ವರ್ಷದಲ್ಲಿ.

ಬಿ.ಎಡ್ ಬಗ್ಗೆ ನಿಮ್ಮಪ್ಪ ಹೇಳಿದ್ದನ್ನು ತಳ್ಳಿ ಹಾಕಬೇಡಿ. ಬಿ.ಎಡ್, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಮಾಡಿಕೊಂಡರೆ ಎರಡೂ ಬಾಗಿಲು ತೆರೆದಿರುತ್ತದೆ.

ಭದ್ರಾವತಿ ಹುಡುಗ

ಮೇಷ್ಟ್ರೇ, ನಿಮ್ಮ ಮಾತಿಗೆ ಎದುರು ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನು ಆ ಸಂಜೆ ತರಗತಿಯಲ್ಲಿ ಕೂತ ಹುಡುಗ.

ಅಪ್ಪ ಕೆಲಸ ಮಾಡುತ್ತಿದ್ದ ಕಡೆ ಕೆಲಸ ಹೋಯಿತು. ನಾನು ಒಂಬತ್ತಕ್ಕೆ ಬಿಟ್ಟು ಗ್ಯಾರೇಜ್ ಸೇರಿದೆ. ವಾಪಸ್ ಶಾಲೆಗೆ ಹೋಗು ಅಂತ ಎಲ್ಲರೂ ಹೇಳಿದರು. ಮೀಸೆ ಬಂದ ಮೇಲೆ ಚಿಕ್ಕ ಹುಡುಗರ ಜೊತೆ ಬೆಂಚಲ್ಲಿ ಕೂರುವುದು ನಿಮಗೆ ಸುಲಭ ಅನಿಸಬಹುದು, ನನಗೆ ಆಗಲಿಲ್ಲ. ಒಬ್ಬ ಅಣ್ಣ ರಾತ್ರಿ ಎಂಟಕ್ಕೆ, ಗ್ಯಾರೇಜ್ ಮುಚ್ಚಿದ ಮೇಲೆ ಪಾಠ ಮಾಡುತ್ತಿದ್ದ. ಕೈಯಲ್ಲಿ ಗ್ರೀಸ್ ಇದ್ದರೂ ಬೈಯುತ್ತಿರಲಿಲ್ಲ. ಯಾಕೆ ಶಾಲೆ ಬಿಟ್ಟೆ ಅಂತ ಒಂದು ಸಲವೂ ಕೇಳಲಿಲ್ಲ, ಅದು ನನಗೆ ಬಹಳ ದೊಡ್ಡದು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಿದ. ಪಾಸಾಗಿ ಐಟಿಐ ಎಲೆಕ್ಟ್ರಿಷಿಯನ್ ಮಾಡಿದೆ. ಈಗ ನನ್ನದೇ ವೈರಿಂಗ್ ಕೆಲಸ, ಜೊತೆಗೆ ಇಬ್ಬರು ಹುಡುಗರು.

ಇನ್ನೊಂದು ಮಾತು. ನನ್ನ ಸ್ನೇಹಿತರು ಕೆಲವರು ಒಂದು ಕೌಶಲ ಕೇಂದ್ರಕ್ಕೆ ಸೇರಿದ್ದರು. ಮೂರು ತಿಂಗಳು ಕೋರ್ಸ್, ಸರ್ಟಿಫಿಕೇಟ್, ಫೋಟೋ, ಆಮೇಲೆ ಬೆಂಗಳೂರಿನ ಮಾಲ್‌ನಲ್ಲಿ ಕೆಲಸ. ರೂಮ್ ಬಾಡಿಗೆ, ಊಟ ಕಳೆದರೆ ಕೈಯಲ್ಲಿ ಏನೂ ಉಳಿಯಲಿಲ್ಲ. ದೀಪಾವಳಿಗೆ ಬಂದವರು ವಾಪಸ್ ಹೋಗಲೇ ಇಲ್ಲ. ಆದರೆ ಆ ಕೇಂದ್ರದ ಲೆಕ್ಕದಲ್ಲಿ ಅವರಿಗೆಲ್ಲ ಕೆಲಸ ಸಿಕ್ಕಿದೆ. ಅಣ್ಣಾ, ನೀವು ಸೇರುವ ಸಂಸ್ಥೆ ಆರು ತಿಂಗಳ ನಂತರ ಹುಡುಗರಿಗೆ ಫೋನ್ ಮಾಡುತ್ತದಾ ಅಂತ ಮೊದಲು ನೋಡಿ.

ಸಾಗರದ ಮೇಷ್ಟ್ರು

ತಮ್ಮಾ, ನಿನ್ನಂಥವರಿಗೇ ಆ ನಾಲ್ಕು ವರ್ಷ ಅಂದದ್ದು. ನಾವಿಬ್ಬರೂ ಹೇಳುತ್ತಿರುವುದು ಒಂದೇ. ಹನ್ನೆರಡು ವರ್ಷದವನ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗುವುದಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ ಆದ ಮೇಲೆ 14ರ ಒಳಗಿನವರನ್ನು ಗ್ಯಾರೇಜಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಅಂಥವನು ಸಂಜೆ ತರಗತಿಗೆ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು.

ಹೊಸನಗರ ಅಕ್ಕ

ಇಷ್ಟು ಹೊತ್ತು "ಹುಡುಗರು, ಹುಡುಗರು" ಅಂತಲೇ ಓದಿದೆ. ಹುಡುಗಿಯರು ಎಲ್ಲಿ ಹೋದರು?

ಹುಡುಗ ಶಾಲೆ ಬಿಟ್ಟರೆ ಬಸ್ ಸ್ಟ್ಯಾಂಡಲ್ಲಾದರೂ ಕಾಣುತ್ತಾನೆ. ಹುಡುಗಿ ಬಿಟ್ಟರೆ ಮನೆಯೊಳಗೆ. ಅಡಿಕೆ ಸುಲಿಯುವ ಅಂಗಳದಲ್ಲಿ ರಾತ್ರಿ ಹನ್ನೊಂದರ ತನಕ ಕೂತಿರುತ್ತಾಳೆ. ಕೇಳಿದರೆ "ಪಾಸಾಗಲಿಲ್ಲ, ಮನೇಲಿದ್ದಾಳೆ" ಅನ್ನುತ್ತಾರೆ. ನಮ್ಮ ಕಡೆ ಬಸ್ಸಿನದೇ ದೊಡ್ಡ ಕತೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಊರಿನ ಕಡೆ ಓಡುವುದು ಖಾಸಗಿ ಬಸ್. ಕೊನೆಯ ಬಸ್ ತಪ್ಪಿದರೆ ಮನೆಯವರು ಮಾರನೇ ದಿನದಿಂದಲೇ ನಿಲ್ಲಿಸುತ್ತಾರೆ. ಹಾಗಾಗಿ ತಾಲ್ಲೂಕು ಕೇಂದ್ರದಲ್ಲಿ ಚಂದದ ಕಟ್ಟಡ ಮಾಡಿ "ಬನ್ನಿ" ಅಂದರೆ ಹುಡುಗಿಯರು ಬರುವುದಿಲ್ಲ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಸೇತುವೆ ಆಗುವ ತನಕ ಲಾಂಚೇ ಗತಿ. ರಸ್ತೆ ಸೇರಿದ ಮೇಲೂ ಮನೆಯಿಂದ ರಸ್ತೆಗೆ ಬರಬೇಕಲ್ಲ.

ಆಮೇಲೆ ಇನ್ನೊಂದು ಸಿಟ್ಟು. ಹುಡುಗಿಯರಿಗೆ ಅಂದ ಕೂಡಲೇ ಎಲ್ಲರೂ ಹೊಲಿಗೆ ಮೆಷಿನ್ ತರುತ್ತಾರೆ! ನಮ್ಮ ಊರಿನ ಒಂದೇ ಬೀದಿಯಲ್ಲಿ ಎಷ್ಟು ಜನ ಬ್ಲೌಸ್ ಹೊಲಿಯಬೇಕು? ಮೊಬೈಲ್ ರಿಪೇರಿ ಕಲಿಸಿ ಅಂದರೆ ನಗುತ್ತಾರೆ.

ಗಾಜನೂರಿನವರೇ, ನೀವು ಗಂಡಸು. ನೀವೊಬ್ಬರೇ ಮನೆ ಭೇಟಿಗೆ ಹೋದರೆ ಹುಡುಗಿಯನ್ನು ಹೊರಗೆ ಕರೆಯುವುದಿಲ್ಲ. ಊರಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಸ್ತ್ರೀಶಕ್ತಿ ಸಂಘದವರನ್ನು ಜೊತೆ ಮಾಡಿಕೊಳ್ಳಿ. ಯಾವ ಮನೆಯಲ್ಲಿ ಹದಿನಾರಕ್ಕೆ ಮದುವೆ ಮಾತುಕತೆ ನಡೆಯುತ್ತಿದೆ ಅಂತ ಅವರಿಗೆ ನಿಮಗಿಂತ ಮುಂಚೆ ಗೊತ್ತಿರುತ್ತದೆ.

ಶಿಕಾರಿಪುರ 577

ನಾನೂ ಇದೇ ಯೋಚನೆಯಲ್ಲಿದ್ದೇನೆ. ಮುಂದುವರಿಸಿ, ಓದುತ್ತಿದ್ದೇನೆ.

ಗಾಜನೂರಿನವ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಅಕ್ಕ ಹೇಳಿದ್ದು ನಿಜ, ನನ್ನ ತರಗತಿಯಲ್ಲಿ ಹುಡುಗಿಯರೇ ಇಲ್ಲ. ಆಶಾ ಅಕ್ಕನನ್ನು ಈ ವಾರವೇ ಮಾತಾಡಿಸುತ್ತೇನೆ.

ಎರಡು ಪ್ರಶ್ನೆ ಉಳಿದಿದೆ. ಒಂದು, ಎನ್‌ಐಒಎಸ್ (ಮುಕ್ತ ಶಾಲೆ) ಒಳ್ಳೆಯದಾ, ಎಸ್ಸೆಸ್ಸೆಲ್ಸಿ ಖಾಸಗಿ ಒಳ್ಳೆಯದಾ? ಎರಡು, ನನಗೆ ಮುಂದೆ ಓದಬೇಕು ಅನಿಸಿದರೆ ಏನು ಓದಲಿ?

ಸಾಗರದ ಮೇಷ್ಟ್ರು

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಎಸ್ಸೆಸ್ಸೆಲ್ಸಿ. 15 ತುಂಬಿದವರು ಖಾಸಗಿಯಾಗಿ ಕಟ್ಟಬಹುದು. ಕನ್ನಡ ಮಾಧ್ಯಮದ ಪುಸ್ತಕ ಯಾರ ಮನೆಯಲ್ಲಾದರೂ ಹಳೆಯದು ಸಿಗುತ್ತದೆ, ಹಳೆ ಪ್ರಶ್ನೆಪತ್ರಿಕೆ ಸಿಗುತ್ತದೆ, ಕಲಿಸಲು ಊರಲ್ಲೇ ಯಾರಾದರೂ ಇರುತ್ತಾರೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ. ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ. ಮೊದಲ ಪರೀಕ್ಷೆಯಲ್ಲಿ ಮೂರು ವಿಷಯ ದಾಟಿದರೂ ಉಳಿದದ್ದನ್ನು ಅದೇ ವರ್ಷ ಮುಗಿಸಬಹುದು.

ಕಾಡುಮಲ್ಲಿಗೆ

ಮೇಷ್ಟ್ರ ಮಾತು ಹೆಚ್ಚಿನವರಿಗೆ ಸರಿ. ಆದರೆ ಗಣಿತ ಅಂದರೆ ನಡುಗುವ ಹುಡುಗ ಇರುತ್ತಾನಲ್ಲ, ನಾಲ್ಕು ಸಲ ಅದೊಂದರಲ್ಲೇ ಹೋದವನು, ಅವನಿಗೆ ಎನ್‌ಐಒಎಸ್ ನೋಡಿ. ಅದು 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ಶಾಲೆ. ಹತ್ತನೇ ತರಗತಿಗೆ ಸಮನಾದ ಕೋರ್ಸಿಗೆ 14 ತುಂಬಿರಬೇಕು. ಐದು ವಿಷಯ ಸಾಕು, ಗಣಿತ ತೆಗೆದುಕೊಳ್ಳಲೇಬೇಕು ಅಂತಿಲ್ಲ. ಒಮ್ಮೆ ನೋಂದಣಿ ಆದರೆ ಐದು ವರ್ಷ ಸಮಯ, ಒಂದೊಂದೇ ವಿಷಯ ಬರೆಯಬಹುದು. ಆದರೆ ಮುಂದೆ ಎಲೆಕ್ಟ್ರಿಷಿಯನ್, ಫಿಟ್ಟರ್ ಥರದ ಐಟಿಐಗೆ ಹೋಗಬೇಕು ಅನ್ನುವವನಿಗೆ ಗಣಿತ, ವಿಜ್ಞಾನ ಬಿಡಿಸಿ ಕೂರಿಸಿದರೆ ಆಮೇಲೆ ಅವನು ನಿಮ್ಮನ್ನೇ ಶಪಿಸುತ್ತಾನೆ. ಮೊದಲು ಹುಡುಗನ ಮುಂದಿನ ದಾರಿ ಕೇಳಿ, ಆಮೇಲೆ ಬೋರ್ಡ್ ಆರಿಸಿ. ಯಾವ ಮಾಧ್ಯಮದಲ್ಲಿ ಪುಸ್ತಕ ಸಿಗುತ್ತದೆ, ಅಧ್ಯಯನ ಕೇಂದ್ರ ಎಷ್ಟು ದೂರ ಅಂತಲೂ ನೋಂದಣಿಗೆ ಮುಂಚೆಯೇ ವಿಚಾರಿಸಿ. ಮಧ್ಯವರ್ತಿಗಳು "ಪಾಸ್ ಗ್ಯಾರಂಟಿ" ಅಂತ ದುಡ್ಡು ಕೇಳುತ್ತಾರೆ. ಅವರ ಹತ್ತಿರ ಸುಳಿಯಬೇಡಿ. ಅರ್ಜಿಯನ್ನು ನೀವೇ ಆನ್‌ಲೈನಲ್ಲಿ ಹಾಕಬಹುದು.

ಈಗ ತೋಟದವರ ಪ್ರಶ್ನೆಗೆ. ಅಕ್ಟೋಬರ್‌ನಿಂದ ಫೆಬ್ರವರಿ ತನಕ ಕೊಯ್ಲು, ಸುಲಿಯುವುದು, ಬೇಯಿಸುವುದು. ಆಗ ತರಗತಿ ಖಾಲಿ. ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆ ಮಾರ್ಚ್ ಹೊತ್ತಿಗೆ. ಅಂದರೆ ಓದಬೇಕಾದ ತಿಂಗಳಲ್ಲೇ ದುಡಿಮೆ ಜಾಸ್ತಿ. ದುಡ್ಡು ಕೊಡುವ ಕಂಪನಿಗೆ ಮೂರು ತಿಂಗಳಿಗೊಮ್ಮೆ ವರದಿ ಹೋಗುತ್ತದೆ. ಅಕ್ಟೋಬರ್-ಡಿಸೆಂಬರ್ ವರದಿಯಲ್ಲಿ ಹಾಜರಾತಿ ಬಿದ್ದಿರುತ್ತದೆ. "ನಿಮ್ಮ ಕಾರ್ಯಕ್ರಮ ಸೋತಿದೆ" ಅಂತ ಅಲ್ಲಿಂದ ಪತ್ರ ಬರುತ್ತದೆ. ಬೆಂಗಳೂರಿನ ಕೊಳೆಗೇರಿಗೆ ಮಾಡಿದ ವೇಳಾಪಟ್ಟಿಯನ್ನು ತಂದು ಇಲ್ಲಿ ಹಚ್ಚಿದರೆ ಹೀಗೇ ಆಗುವುದು. ನಾವು ಆಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಟ್ಟಿ ಪಾಠ ಇಟ್ಟುಕೊಂಡೆವು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಬಿಟ್ಟರೆ ಹುಡುಗರ ಕೈ ಖಾಲಿ ಇರುತ್ತದೆ. ಕರೆಂಟ್ ಇರುವುದಿಲ್ಲ, ಅದು ಬೇರೆ ಮಾತು. ಕೊಯ್ಲಿನ ತಿಂಗಳಲ್ಲಿ ವಾರಕ್ಕೆ ಒಂದೇ ದಿನ, ಸುಲಿಯುವ ಮನೆಯಲ್ಲೇ ಹೋಗಿ ಅರ್ಧ ಗಂಟೆ. ಮೊದಲನೆಯದರ ನಂತರದ ಪರೀಕ್ಷೆಗೆ ಹೆಚ್ಚು ಒತ್ತು.

ಶೇಕಡಾ ಲೆಕ್ಕ ಕಲಿಸಲು ನಾವು ಅಡಿಕೆ ಮಂಡಿಯ ಬಿಲ್ ಇಟ್ಟುಕೊಳ್ಳುತ್ತಿದ್ದೆವು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ದರ್ಜೆಗಳು, ಒಂದೊಂದಕ್ಕೆ ಒಂದೊಂದು ಧಾರಣೆ, ತೂಕ, ಕಡಿತ. ಪುಸ್ತಕದ ಲೆಕ್ಕ ಬಾರದವನು ಇದನ್ನು ಬಾಯಲ್ಲೇ ಮಾಡುತ್ತಾನೆ. ಅದನ್ನು ಕಾಗದಕ್ಕೆ ಇಳಿಸುವುದಷ್ಟೇ ನಮ್ಮ ಕೆಲಸ.

ತೀರ್ಥಹಳ್ಳಿ ತೋಟದವ

ಇದು ಸರಿ. ಹೀಗೆ ಮಾಡುವುದಾದರೆ ನಮ್ಮ ಸುಲಿಯುವ ಚಪ್ಪರಕ್ಕೂ ಬನ್ನಿ, ಕಾಫಿ ಕೊಡುತ್ತೇನೆ.

ಆದರೆ ಒಂದು ಬರೆದಿಟ್ಟುಕೊಳ್ಳಿ. ಮರ ಹತ್ತುವ ಕೆಲಸ ಮೂವತ್ತೈದು, ನಲವತ್ತರ ತನಕ. ಆಮೇಲೆ ಸೊಂಟ, ಮಂಡಿ ಕೈ ಕೊಡುತ್ತದೆ. ಬಿದ್ದರಂತೂ ಮುಗಿಯಿತು. ಈಗ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದಿದೆ, ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು, ಕೊಯ್ಯಬಹುದು. ದೋಟಿ ತಂಡ ಕಟ್ಟಿಕೊಂಡ ಹುಡುಗರಿಗೆ ಸೀಸನ್‌ನಲ್ಲಿ ಪುರುಸೊತ್ತಿಲ್ಲ. ಇದನ್ನೂ ಕೌಶಲ ಅಂತ ನಿಮ್ಮ ಸಂಸ್ಥೆಗಳು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಮಾಲ್ ಒಂದೇ ಕೆಲಸ ಅಲ್ಲ.

ಕ್ಯಾಂಟೀನ್ ಕಾಫಿ

ಓದಿನ ಬಗ್ಗೆ: ನಾನು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಎಂ.ಎ ಶಿಕ್ಷಣ ಮಾಡಿದವಳು. ಎರಡು ವರ್ಷ. ಯಾವ ಡಿಗ್ರಿ ಆದರೂ ಅರ್ಜಿ ಹಾಕಬಹುದು, ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ಇಂಗ್ಲಿಷ್ ಓದು ಬಹಳ. ಮೊದಲ ಕೆಲವು ತಿಂಗಳು ನಾನು ನಿಘಂಟು ಹಿಡಿದೇ ಮಲಗುತ್ತಿದ್ದೆ. ಊರು ಬಿಡಲು ಆಗದಿದ್ದರೆ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಇದೆ. ಸಮುದಾಯದ ಜೊತೆ ಕೆಲಸ ಮಾಡುವ ಹುದ್ದೆಗಳಿಗೆ ಎಷ್ಟೋ ಕಡೆ ಎಂಎಸ್‌ಡಬ್ಲ್ಯು ಕೇಳುತ್ತಾರೆ, ಬಿ.ಎಡ್ ಅಲ್ಲ. ಟೀಚ್ ಫಾರ್ ಇಂಡಿಯಾ ಫೆಲೋಶಿಪ್ ಎರಡು ವರ್ಷದ್ದು, ಆದರೆ ಅದು ದೊಡ್ಡ ನಗರದ ಶಾಲೆಗಳಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ ಈಗಲೇ ಕೋರ್ಸ್ ಬೇಡ. ಮೊದಲು ನೋಡಿಕೊಂಡು ಬನ್ನಿ. ಘಟ್ಟ ಇಳಿದರೆ ಕುಂದಾಪುರದ ಹತ್ತಿರ "ನಮ್ಮ ಭೂಮಿ" ಅನ್ನುವ ಕೇಂದ್ರ ಇದೆ, ದುಡಿಯುವ ಮಕ್ಕಳ ಜೊತೆ ಬಹಳ ಹಿಂದಿನಿಂದ ಕೆಲಸ ಮಾಡುವವರದು. ದುಡಿಯುವ ಮಕ್ಕಳೇ ಸೇರಿ 1990ರಲ್ಲಿ ಭೀಮ ಸಂಘ ಕಟ್ಟಿದ್ದು ಆ ಬಳಗದಲ್ಲೇ. ಹೆಗ್ಗೋಡಂತೂ ಪಕ್ಕದಲ್ಲೇ ಇದೆ. 1980ರಿಂದ ನೀನಾಸಂ ರಂಗಶಿಕ್ಷಣ ನಡೆಸುತ್ತಿದೆ. ಅಲ್ಲಿ ಕಲಿತ ಯಾರಾದರೂ ನಿಮ್ಮ ಸಂಜೆ ತರಗತಿಗೆ ಒಂದು ವಾರ ಬಂದರೂ ಸಾಕು. ಬಾಯಿ ಬಿಡದ ಹುಡುಗ ಮಾತಾಡುವುದು ನಾಟಕದಲ್ಲಿ, ಇಂಗ್ಲಿಷ್ ಪುಸ್ತಕದಲ್ಲಿ ಅಲ್ಲ.

ಕಾಡುಮಲ್ಲಿಗೆ

ಒಂದು ಸೇರಿಸುತ್ತೇನೆ. ಎಲ್ಲಿ ಕೆಲಸಕ್ಕೆ ಸೇರಿದರೂ ಪೋಕ್ಸೋ ತರಬೇತಿ ಕೊಡಿ ಅಂತ ಕೇಳಿ. 2012ರ ಆ ಕಾಯ್ದೆ ಪ್ರಕಾರ ಮಗುವಿನ ಮೇಲೆ ದೌರ್ಜನ್ಯ ಆದದ್ದು ಗೊತ್ತಾದರೆ ತಿಳಿಸಲೇಬೇಕು, ಮನಸ್ಸಲ್ಲಿಟ್ಟುಕೊಳ್ಳುವ ಹಾಗಿಲ್ಲ. ನಿಮ್ಮನ್ನು ನಂಬಿ ಬರುವವರು ಇಂಥದ್ದೂ ಹೇಳುತ್ತಾರೆ. ಆ ದಿನ ಏನು ಮಾಡಬೇಕು ಅಂತ ಗೊತ್ತಿಲ್ಲದಿದ್ದರೆ ಕಷ್ಟ.

ಗಾಜನೂರಿನವ

ತುಂಬಾ ಉಪಕಾರ ಆಯಿತು. ಈಗಿನ ಕೆಲಸ ಈ ವರ್ಷ ಬಿಡುವುದಿಲ್ಲ. ರಜೆ ಹಾಕಿ ಕುಂದಾಪುರಕ್ಕೆ ಹೋಗಿ ಬರುತ್ತೇನೆ. ಆಮೇಲೆ ಲೆಕ್ಕ ಮತ್ತು ಕ್ಷೇತ್ರ ಕೆಲಸ ಎರಡೂ ಇರುವ ಹುದ್ದೆ ಸಿಕ್ಕರೆ ಅರ್ಜಿ ಹಾಕುತ್ತೇನೆ. ಅಪ್ಪನಿಗೆ ಬಿ.ಎಡ್ ವಿಷಯ ಇನ್ನೂ "ನೋಡೋಣ" ಅಂದಿದ್ದೇನೆ.

ಸದ್ಯಕ್ಕೆ ಒಂದು ತುರ್ತು. ಹಾವೇರಿ ಕಡೆಯಿಂದ ಶುಂಠಿ ಕೆಲಸಕ್ಕೆ ಬಂದ ಮನೆಯ ಹುಡುಗ, 16 ವರ್ಷ. ಎಂಟರ ತನಕ ಓದಿದ್ದಾನೆ. ಟಿ.ಸಿ ಕಳೆದಿದೆ, ಹಳೆ ಶಾಲೆಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ ಅಂತ ಹಿಂದೇಟು ಹಾಕುತ್ತಿದ್ದಾನೆ. ಏನು ಮಾಡಲಿ?

ಸಾಗರದ ಮೇಷ್ಟ್ರು

14ರ ಒಳಗಿದ್ದರೆ ಟಿ.ಸಿ ಇಲ್ಲ ಅಂತ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ಇವನಿಗೆ 16. ಖಾಸಗಿಯಾಗಿ ಕಟ್ಟಲು ದಾಖಲೆ ಬೇಕು.

ಅವನ ಹೆಸರು ಹಳೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಸ್ಯಾಟ್ಸ್ ನಂಬರ್ (ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಸಿಕ್ಕರೆ ಹುಡುಕುವುದು ಇನ್ನೂ ಸುಲಭ. ಹಳೆ ಅಂಕಪಟ್ಟಿ, ಪ್ರಗತಿ ಪತ್ರ, ವಿದ್ಯಾರ್ಥಿವೇತನದ ಕಾಗದ, ಯಾವುದರಲ್ಲಾದರೂ ಇರಬಹುದು, ಮನೆಯ ಟ್ರಂಕ್ ತೆಗೆಸಿ ನೋಡಿ. ಶಾಲೆಯ ಹೆಸರು, ಅವನು ಬಿಟ್ಟ ವರ್ಷ, ತಂದೆಯ ಹೆಸರು ನನಗೆ ಖಾಸಗಿಯಾಗಿ ಕಳಿಸಿ, ಇಲ್ಲಿ ಹಾಕಬೇಡಿ. ಅಲ್ಲಿನ ಮುಖ್ಯ ಶಿಕ್ಷಕರಿಗೆ ನಾನೇ ಫೋನ್ ಮಾಡುತ್ತೇನೆ. ಎರಡನೇ ಪ್ರತಿಗೆ ಪೋಷಕರ ಸಹಿಯ ಅರ್ಜಿ ಕೇಳುತ್ತಾರೆ. ಅದನ್ನು ಇವತ್ತೇ ಬರೆಸಿಟ್ಟುಕೊಳ್ಳಿ. ಅರ್ಜಿ ಕೊಟ್ಟು ಟಿ.ಸಿ ತರಲು ಹುಡುಗನೇ ಹೋಗಬೇಕು ಅಂತಿಲ್ಲ, ತಂದೆ ಹೋದರೂ ಆಗುತ್ತದೆ. ಹಬ್ಬಕ್ಕೆ ಹೇಗೂ ಊರಿಗೆ ಹೋಗುತ್ತಾರಲ್ಲ, ಆಗಲೇ ಮುಗಿಸಲಿ. ಆದರೆ ಹಬ್ಬದ ರಜೆ ಶುರುವಾಗುವ ಮುಂಚೆ ಹೋಗಲು ಹೇಳಿ, ಶಾಲೆ ಬಾಗಿಲು ಹಾಕಿದ್ದರೆ ಕಷ್ಟ.